ಸೋರಿದ ಬಣ್ಣಕ್ಕೆ ಪೂರ್ತಿ ಅಂಕ

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕರ್ಟಿಸ್ ವ್ರೋಬೆಲ್ ಅಡುಗೆಮನೆಯಲ್ಲಿ ಎದ್ದು ನಿಂತ. ಕಾಫಿ ಮಗ್ಗನ್ನು ರಾಜದಂಡದ ಹಾಗೆ ಮೇಲೆತ್ತಿ ಹಿಡಿದು, ಮೂರು ಲೋಕಕ್ಕೂ ಕೇಳಿಸುವಂತೆ ಒಂದು ಶಪಥ ಮಾಡಿದ. ಕೇಳಿಸಿದ್ದು ಹೆಂಡತಿ ಡೇನೆಟ್‌ಗೆ ಮಾತ್ರ.

"ನನ್ನ ಕ್ಯಾಟಮೌಂಟು ಕಾರು ಎಪ್ಪತ್ತನೇ ಇಸವಿ ಮಾರ್ಚಲ್ಲಿ ಫ್ಯಾಕ್ಟರಿ ಗೇಟು ದಾಟಿದಾಗ ಹೆಂಗಿತ್ತೋ ಹಂಗೇ ಆಗುತ್ತೆ. ಬೋಲ್ಟಿನ ತಲೆ ಮೇಲಿನ ಗೀಟೂ ಆಚೀಚೆ ಆಗಲ್ಲ. ಈ ಆಗಸ್ಟಿನ ಹಳೇ ಕಾರು ಪ್ರದರ್ಶನದಲ್ಲಿ ಚಿನ್ನದ ಪದಕ ನಂದೇ."

ಡೇನೆಟ್ ಕಿಟಕಿಯಾಚೆ ನೋಡಿದಳು. ಅಲ್ಲಿ ಅವಳ ಪುಟ್ಟ ನೀಲಿ ಕಾರು ರಾತ್ರಿ ಬಿದ್ದ ಹಿಮದಡಿ ಇಡ್ಲಿ ಹಿಟ್ಟಿನಲ್ಲಿ ಮುಳುಗಿದ ಚಮಚದಂತೆ ಬಾಲವನ್ನಷ್ಟೇ ತೋರಿಸುತ್ತಿತ್ತು.

"ಅದು ಫ್ಯಾಕ್ಟರಿ ಗೇಟು ದಾಟಿದ ಕತೆ ಆಮೇಲೆ ಹೇಳು. ನಮ್ಮ ಗ್ಯಾರೇಜಿನ ಬಾಗಿಲು ದಾಟೋದು ಯಾವಾಗ?"

ಪ್ರಶ್ನೆ ನ್ಯಾಯವಾದದ್ದೇ. ಮಿಶಿಗನ್ನಿನ ಓವೊಸೊ ಊರಿನ ಆ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಒಂದೇ ಕಾರಿಗೆ ಜಾಗ. ಮದುವೆಯಾಗಿ ಮೂರು ಚಳಿಗಾಲ ಕಳೆದಿತ್ತು. ಮೂರೂ ಚಳಿಗಾಲ ಡೇನೆಟ್ ಬೆಳಬೆಳಿಗ್ಗೆ ಬೀದಿಯಲ್ಲಿ ನಿಂತು ಗಾಜಿನ ಮೇಲಿನ ಮಂಜುಗಡ್ಡೆ ಕೆರೆದಿದ್ದಳು. ಒಳಗೆ ಬೆಚ್ಚಗೆ, ಕಂಬಳಿ ಹೊದ್ದು, ಚಕ್ರವೂ ಇಲ್ಲದ ಕಿತ್ತಳೆ ಬಣ್ಣದ ಹಳೆಯ ಕಾರು ಮಲಗಿತ್ತು. ಕರ್ಟಿಸ್ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ನೌಕರ. ಊರಿನ ಪ್ರತಿ ಮೀಟರಿನ ಮುಳ್ಳು ಎಲ್ಲಿದೆಯೆಂದು ಅವನಿಗೆ ಗೊತ್ತು. ಹೆಂಡತಿಯ ತಾಳ್ಮೆಯ ಮುಳ್ಳು ಎಲ್ಲಿದೆಯೆಂದು ಮಾತ್ರ ನೋಡಿರಲಿಲ್ಲ.

ಅಂದೇ ಒಪ್ಪಂದವಾಯಿತು. ಸಾವಿರಕ್ಕೆ ಒಂಬೈನೂರ ಐವತ್ತು ಅಂಕ ಬಂದರೆ ಚಿನ್ನ. ಚಿನ್ನ ಬಂದರೆ ಗ್ಯಾರೇಜು ಕ್ಯಾಟಮೌಂಟಿನದು, ಡೇನೆಟ್ ಜನ್ಮದಲ್ಲಿ ಆ ಮಾತೆತ್ತುವುದಿಲ್ಲ. ಒಂದಂಕ ಕಡಿಮೆಯಾದರೂ ಕ್ಯಾಟಮೌಂಟು ಅವನಣ್ಣನ ಹುಲ್ಲಿನ ಕೊಟ್ಟಿಗೆಗೆ, ಕೋಳಿಗಳ ಜೊತೆ ಸಂಸಾರಕ್ಕೆ.

ಕರ್ಟಿಸ್ ತಪಸ್ಸಿಗೆ ಕುಳಿತ. ಆ ಕಾಲದ ಬೋಲ್ಟುಗಳಿಗಾಗಿ ಮೂರು ರಾಜ್ಯಗಳ ಗುಜರಿ ಜಾಲಾಡಿದ. ಬೋಲ್ಟಿಗೆ ಕಾರ್ಖಾನೆಯ ಮಾಸಲು ಕಪ್ಪು ಬರಬೇಕಲ್ಲ, ಅದಕ್ಕಾಗಿ ಪಿಯೆರೋಗಿ ಕಡುಬು ಬೇಯಿಸುವ ಪಾತ್ರೆಯಲ್ಲೇ ಅವನ್ನು ಆಮ್ಲ ಹಾಕಿ ಕುದಿಸಿದ. ಎಂಜಿನ್ನಿನ ಮುಚ್ಚಳಕ್ಕೆ ಬಣ್ಣ ಬಳಿದು ಅಡುಗೆಯ ಒಲೆಯಲ್ಲಿ ಬೇಯಿಸಿದ. ಅದೇ ಒಲೆಯಲ್ಲಿ ಬೆಂದ ಈಸ್ಟರ್ ಹಬ್ಬದ ಹಂದಿಮಾಂಸ ತಿಂದ ಅತ್ತೆ, "ಮಸಾಲೆ ಹೊಸಾದಾ? ಒಂಥರಾ ಹೊಳಪಿದೆ," ಎಂದರು.

ಏಪ್ರಿಲ್ ಕೊನೆಗೆ ಕಾರು ದೇವರ ವಿಗ್ರಹದಂತೆ ಮಿನುಗತೊಡಗಿತು. ಹೊಗಳಿಸಿಕೊಳ್ಳುವ ಆಸೆ ತಡೆಯಲಾರದೆ ಕರ್ಟಿಸ್ ಪಕ್ಕದ ಮನೆಯ ಆರ್ವಿಲ್ ಅಜ್ಜನನ್ನು ಕರೆತಂದ. ಇದೇ ಕಾರುಗಳು ತಯಾರಾದ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ಅವನು. ಟಾರ್ಚು ಹಿಡಿದು ಕಾರಿನಡಿ ಬಗ್ಗಿ, ಬಹಳ ಹೊತ್ತು ನೋಡಿ, ಸೊಂಟ ಹಿಡಿದುಕೊಂಡು ಎದ್ದ.

"ಚೆನ್ನಾಗಿದೆ ಮಗಾ. ಭಾಳ ಚೆನ್ನಾಗಿದೆ. ಅದೇ ತಪ್ಪಾಗಿರೋದು."

"ಏನ್ ತಪ್ಪು ಅಜ್ಜ?"

"ಗಂಟೆಗೆ ಐವತ್ತು ಕಾರು ಬಿಡ್ತಿದ್ವಿ ನಾವು. ಕೈ ಕಾರಿನ ಮೇಲೆ, ಕಣ್ಣು ಗಡಿಯಾರದ ಮೇಲೆ. ಬಣ್ಣ ಸೋರಿದ್ರೆ ಸೋರ್ತು, ಹಾರಿದ್ರೆ ಹಾರ್ತು. ಸ್ಟಿಕ್ಕರು ಸೊಟ್ಟ. ತಪಾಸಣೆಯವನು ಬಳಪದಲ್ಲಿ ಏನೋ ಗೀಚಿ ಕಳಿಸ್ತಿದ್ದ. ನಿಂದು ನೋಡು, ಒಡವೆ ಅಂಗಡಿ ಇದ್ದಂಗಿದೆ. ಹುಷಾರು, ಅತೀ ಚೆಂದ ಮಾಡಿದ್ರೂ ಅಂಕ ಕಳೀತಾರೆ ತೀರ್ಪು ಕೊಡೋ ಪುಣ್ಯಾತ್ಮರು."

ಅಂದಿನಿಂದ ಕರ್ಟಿಸ್ ಅಜಾಗರೂಕತೆಯನ್ನು ಅತ್ಯಂತ ಜಾಗರೂಕತೆಯಿಂದ ಅಭ್ಯಾಸ ಮಾಡತೊಡಗಿದ. ಬಿಸ್ಕತ್ತು ಬೇಯಿಸುವ ತಟ್ಟೆಗಳ ಮೇಲೆಲ್ಲ ಬಣ್ಣ ಸೋರಿಸಿದ. ಒಂದೊಂದು ಸೋರೂ ಪಕ್ಕದ ಸೋರಿನಿಂದ ಸರಿಯಾಗಿ ಎರಡು ಇಂಚು ದೂರ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಎಡಗೈಯಲ್ಲಿ ಸೋರಿಸಿದ, ಕಣ್ಣು ಮುಚ್ಚಿ ಸೋರಿಸಿದ. ಕಣ್ಣು ಬಿಟ್ಟರೆ ಮತ್ತೆ ಅದೇ ಎರಡು ಇಂಚು.

"ನನ್ನ ಕೈಲಿ ಆಗ್ತಾ ಇಲ್ಲ ಡೇನಿ. ಬಣ್ಣ ಸೋರ್ತಾನೇ ಇಲ್ಲ."

"ಬಚ್ಚಲಮನೆಗೆ ಬಣ್ಣ ಹೊಡೆದಾಗ ಧಾರಾಳವಾಗಿ ಸೋರಿತ್ತಲ್ಲ. ಅಲ್ಲಿಂದ ಒಂದಿಷ್ಟು ಕೆರ್ಕೊಂಡು ಬಾ."

ಬಟ್ಟೆ ಒಗೆಯುವ ಯಂತ್ರ ಗ್ಯಾರೇಜಿನ ಮೂಲೆಯಲ್ಲೇ ಇತ್ತು. ಮೇ ತಿಂಗಳ ಒಂದು ಮಂಗಳವಾರ ಡೇನೆಟ್‌ಗೆ ಕೆಲಸಕ್ಕೆ ತಡವಾಗಿತ್ತು. ಹಲ್ಲಿನ ವೈದ್ಯರೊಬ್ಬರ ದವಾಖಾನೆಯ ಮುಂಬಾಗಿಲ ಮೇಜಿನಲ್ಲಿ ಕೂರುವವಳು ಅವಳು. ಸಮವಸ್ತ್ರ ಎಳೆದುಕೊಳ್ಳಲು ಓಡಿಬಂದಾಗ ಅವಳ ಚೀಲದ ಪಟ್ಟಿ ಸ್ಟೂಲಿನ ಮೇಲಿದ್ದ ಬಣ್ಣದ ಡಬ್ಬಿಗೆ ಸಿಕ್ಕಿಕೊಂಡಿತು. ಕಿತ್ತಳೆ ಬಣ್ಣ ಕ್ಯಾಟಮೌಂಟಿನ ಅಡಿಯ ಕೆಂಪು ಚೌಕಟ್ಟಿನ ಮೇಲೆ ಅಭಿಷೇಕವಾಯಿತು. ಕೈಗೆ ಸಿಕ್ಕ ಕಾಲುಚೀಲದಿಂದ ಪಟಪಟನೆ ಒರೆಸಿ, ಕಾಲುಚೀಲವನ್ನು ಅಲ್ಲೇ ಎಸೆದು, ಅವಳು ಹೊರಟೇಹೋದಳು.

ಸಂಜೆ ಬಂದು ನೋಡಿದ ಕರ್ಟಿಸ್ ನೆಲದ ಮೇಲೆ ಕುಸಿದು ಕುಳಿತ. ಅಷ್ಟರಲ್ಲಿ ಡೇನೆಟ್ ಮನೆಗೆ ಬಂದಳು.

"ಓ, ಅದಾ. ಒರೆಸಿದ್ನಲ್ಲ."

"ಒರೆಸಿದ್ದಾ? ಸಾರಿಸಿದ್ದೀಯ. ಅಂಗಳ ಸಾರಿಸಿದಂಗೆ ಸಾರಿಸಿದ್ದೀಯ. ನಾಲ್ಕು ತಿಂಗಳ ಕೆಲಸ ಹೋಯ್ತು."

"ನನ್ನ ಕಾಲುಚೀಲವೂ ಹೋಯ್ತು. ನಾನು ಅಳ್ತಾ ಇದೀನಾ?"

ಹೆಂಡತಿಯ ಅಪರಾಧಕ್ಕೆ ಸಾಕ್ಷಿ ಬೇಕೆಂದು ಕರ್ಟಿಸ್ ಬೇಲಿಯಾಚೆಯಿಂದ ಆರ್ವಿಲ್ ಅಜ್ಜನನ್ನು ಕರೆದ. ಅಜ್ಜ ಬಗ್ಗಿ ನೋಡಿದ. ಇನ್ನಷ್ಟು ಬಗ್ಗಿದ. ಮೆಲ್ಲಗೆ ತಲೆಯ ಟೋಪಿ ತೆಗೆದು ಎದೆಗೊತ್ತಿಕೊಂಡ.

"ಯಾರು ಮಾಡಿದ್ದು ಇದನ್ನ?"

"ಇವಳೇ."

"ಸಾಕ್ಷಾತ್ ಎರಡನೇ ಪಾಳಿ ಕೈ ಕಣಮ್ಮಾ ನಿಂದು. ಮನೆಗೆ ಹೋದ್ರೆ ಸಾಕು ಅನ್ನೋ ಅವಸರ ಇದರಲ್ಲಿ ಎದ್ದು ಕಾಣ್ತಿದೆ. ಏ ಕರ್ಟಿಸ್, ಇದಕ್ಕೇನಾದ್ರೂ ಕೈ ಹಚ್ಚಿದೆಯೋ, ನಿನ್ನ ಮುಖ ನೋಡಲ್ಲ."

ಕರ್ಟಿಸ್ ಅಳು ನುಂಗಿಕೊಂಡು ಹೆಂಡತಿಯ ಕಡೆ ತಿರುಗಿದ. ಐದು ನಿಮಿಷದ ಹಿಂದೆ ಬೈದ ಬಾಯಲ್ಲೇ ಬೆಲ್ಲ ಸುರಿಯಿತು. "ಡೇನಿ, ಬಂಗಾರಿ, ಇನ್ನೊಂದು ಸ್ವಲ್ಪ ಚೆಲ್ತೀಯಾ?"

ಡೇನೆಟ್ ಕೆಟ್ಟವಳಲ್ಲ. ಶನಿವಾರ ಬೆಳಿಗ್ಗೆ ಕಾಫಿ ಕುಡಿದು, ಕೂದಲು ಕಟ್ಟಿ, ಕುಂಚ ಹಿಡಿದು ಕುಳಿತಳು. ಮುಗಿದ ಮೇಲೆ ನೋಡಿದರೆ ಚೌಕಟ್ಟಿನ ಅಂಚಿಗೆ ಉಗುರುಬಣ್ಣ ಹಚ್ಚಿದಷ್ಟು ಸೊಗಸು.

"ಇದೇನೇ ಇದು, ಇಷ್ಟು ನೀಟಾಗಿದೆ?"

"ನಾನೇನ್ ಮಾಡ್ಲಿ? ನೀನು ಕೇಳ್ಕೊಂಡೆ, ಮನಸ್ಸಿಟ್ಟು ಮಾಡಿದೆ. ಬೇಕೂಂತ ಕೆಡಿಸೋಕೆ ನಂಗೆ ಬರಲ್ಲಪ್ಪ."

ಆಗ ಕರ್ಟಿಸ್‌ಗೆ ಜ್ಞಾನೋದಯವಾಯಿತು. ಬೇಕಾದದ್ದು ಡೇನೆಟ್ ಒಬ್ಬಳೇ ಅಲ್ಲ, ತಡವಾದ ಡೇನೆಟ್. ಆ ಸೋಮವಾರ ಅವಳು ಸ್ನಾನಕ್ಕೆ ಹೋದಾಗ ಅಡುಗೆಮನೆಯ ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದೆ ತಳ್ಳಿ, ಅವಳ ಫೋನನ್ನು ಸೋಫಾದ ದಿಂಬಿನಡಿ ಮುಚ್ಚಿಟ್ಟ. ಅವಳು ಹೌಹಾರಿ ಓಡುವಾಗ ಬಾಗಿಲಲ್ಲಿ ಅಡ್ಡ ನಿಂತು ಹಳದಿ ಬಳಪ ಚಾಚಿದ.

"ಎಂಜಿನ್ ಹಿಂದಿನ ತಗಡಿನ ಮೇಲೆ ಒಂದು 'ಓಕೆ' ಗೀಚಿಬಿಡು. ಒಂದೇ ಒಂದು."

ಅವಳು ಗೀಚಿದ ಅಕ್ಷರ ಬ್ರಹ್ಮನಿಗೂ ಓದಲಾಗದಂತಿತ್ತು. ಕರ್ಟಿಸ್ ಅದಕ್ಕೆ ಕೈ ಮುಗಿದ.

ರುಚಿ ಹತ್ತಿತು. ಮರುವಾರ ಗಡಿಯಾರ ಮೂವತ್ತೈದು ನಿಮಿಷ ಮುಂದೆ ಹೋಯಿತು, ಸ್ಟಿಕ್ಕರು ಸೊಗಸಾಗಿ ಸೊಟ್ಟಗೆ ಅಂಟಿತು. "ಒಲೆ ಮೇಲೆ ಹಾಲು ಉಕ್ತಿದೆ," ಎಂದು ಕೂಗಿದ್ದಕ್ಕೆ ಒಂದು ಸೋರು ಸಿಕ್ಕಿತು. "ನಿಮ್ಮಮ್ಮ ಬಾಗಿಲಲ್ಲಿದ್ದಾರೆ," ಎಂದಿದ್ದಕ್ಕೆ ಮೂರು ಸಿಕ್ಕವು. ಜೂನ್ ಹೊತ್ತಿಗೆ ಗಡಿಯಾರ ಪೂರ್ತಿ ಒಂದು ಗಂಟೆ ಮುಂದಿತ್ತು. ಅಂಥದೊಂದು ಬೆಳಿಗ್ಗೆ ಡೇನೆಟ್ ಕೆಲಸಕ್ಕೆ ಹೋದವಳು ಹತ್ತು ನಿಮಿಷದಲ್ಲೇ ವಾಪಸು ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಳು.

"ದವಾಖಾನೆ ಬೀಗ ಹಾಕಿದೆ. ಕಸ ಗುಡಿಸೋಳು ಹೇಳಿದ್ಲು, 'ಅಮ್ಮಾ, ದಿನಾ ಇಷ್ಟು ಬೇಗ ಬರ್ತೀಯಲ್ಲ, ಮನೇಲಿ ಎಲ್ಲ ಸರಿ ಇದೆ ತಾನೆ' ಅಂತ. ಈಗ ಗಂಟೆ ಎಷ್ಟು ಕರ್ಟಿಸ್?"

ಕರ್ಟಿಸ್ ಕ್ಯಾಟಮೌಂಟಿನ ಬಾನೆಟ್ಟಿನ ಹಿಂದೆ ಸರಿದು ನಿಂತು ಎಲ್ಲ ಒಪ್ಪಿಕೊಂಡ. ಡೇನೆಟ್ ಸ್ಟೂಲಿನ ಮೇಲಿದ್ದ ಕುಂಚ ಕೈಗೆತ್ತಿಕೊಂಡಳು. ಆಮೇಲೆ, "ಇನ್ನೇನ್ ಬಾಕಿ ಇದೆ?" ಎಂದಳು.

"ಬಲಗಡೆ ಹಿಂದಿನ ಚಕ್ರದ ಮೇಲೆ... ಎರಡು ಸೋರು."

ಅವಳು ಕುಂಚವನ್ನು ಡಬ್ಬಿಗೆ ಅದ್ದಿ, ಗಂಡನ ಕೆನ್ನೆಗೆ ಸಲ್ಲಬೇಕಾದ ಎರಡು ಏಟುಗಳನ್ನು ಕಾರಿಗೆ ಬಿಗಿದಳು. ಬಣ್ಣ ಸಿಡಿದು, ಇಳಿದು, ಹೆಪ್ಪಾಗಿ ನಿಂತಿತು. ಕರ್ಟಿಸ್‌ನ ಕಣ್ಣಲ್ಲಿ ನೀರು ಬಂತು. ಅವಸರಕ್ಕಿಂತ ಕೋಪ ಒಂದು ಕೈ ಮೇಲೆಂದು ಅಂದು ಅವನಿಗೆ ತಿಳಿಯಿತು. ಆಮೇಲೆ ಒಂದು ವಾರ ಸೋಫಾದ ಮೇಲೆ ಮಲಗಿ ಅದನ್ನು ಮನನ ಮಾಡಿಕೊಂಡ.

ಆಗಸ್ಟಿನ ಪ್ರದರ್ಶನಕ್ಕೆ ಮುಖ್ಯ ತೀರ್ಪುಗಾರರಾಗಿ ಬಂದವರು ಹಾರ್ಲನ್ ಸ್ಟೀಬರ್. ಕೋಲಿನ ತುದಿಗೆ ಕನ್ನಡಿ, ಇನ್ನೊಂದು ಕೈಯಲ್ಲಿ ಟಾರ್ಚು, ನಗುವೆಂಬುದನ್ನು ಮನೆಯಲ್ಲೇ ಬಿಟ್ಟುಬಂದ ಮುಖ. ಮೂರು ಗಂಟೆ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದರು. ಕರ್ಟಿಸ್ ಮೂರು ಗಂಟೆ ಉಗುರು ಕಚ್ಚಿದ. ಕೋಳಿಗಳ ಕೊಕ್ಕೊಕ್ಕೊ ಅವನ ಕಿವಿಯಲ್ಲೇ ಕೇಳಿಸುತ್ತಿತ್ತು.

"ಬಾಗಿಲ ಬಣ್ಣ ಕನ್ನಡಿ ಇದ್ದಂಗಿದೆ. ಹದಿನೆಂಟು ಹೋಯ್ತು," ಎಂದರು ಸ್ಟೀಬರ್, ಬರೆದುಕೊಳ್ಳುತ್ತ. "ಬಾಗಿಲ ಸಂದು ಎಲ್ಲ ಕಡೆ ಒಂದೇ ಸಮ. ಹದಿನಾಲ್ಕು. ಬೋಲ್ಟುಗಳ ತಲೆ ಎಲ್ಲ ಒಂದೇ ದಿಕ್ಕಿಗೆ ತಿರುಗಿಸಿದ್ದೀಯ. ಅವೇನು ಕವಾಯತು ಮಾಡ್ತಿದ್ವಾ? ಹದಿನೈದು."

ನಲವತ್ತೇಳು ಹೋಗಿತ್ತು. ಉಳಿದದ್ದು ಮೂರೇ ಅಂಕದ ದಾರ. ಅಡಿ ಚೌಕಟ್ಟೂ ಎಂಜಿನ್ ಕೋಣೆಯೂ ಇನ್ನೂ ಬಾಕಿ. ಸ್ಟೀಬರ್ ಕನ್ನಡಿಯನ್ನು ಕಾರಿನಡಿ ತೂರಿಸಿದವರು ಅಲ್ಲೇ ನಿಂತುಬಿಟ್ಟರು. ಅಂಗಾತ ಮಲಗಿ ನೋಡಿದರು. ಎದ್ದು ಬಾನೆಟ್ಟಿನೊಳಗೆ ತಲೆ ಹಾಕಿ, ಹಳದಿ ಗೀಚಿನ ಮೇಲೆ ಟಾರ್ಚು ಬಿಟ್ಟು ಅಕ್ಷರ ಕೂಡಿಸಿದರು.

"ತಡ... ಆಯ್ತು... ಬಿಡೋ... ಕತ್ತೆ."

ಕರ್ಟಿಸ್ ಹೆಂಡತಿಯತ್ತ ತಿರುಗಿದ. ಡೇನೆಟ್ ಆಕಾಶ ನೋಡಿದಳು.

"ನಾನೂ ಆ ಫ್ಯಾಕ್ಟರಿ ಸಾಲಿನಲ್ಲಿ ನಿಂತು ದುಡಿದೋನು," ಎಂದರು ಸ್ಟೀಬರ್. "ಮೇಸ್ತ್ರಿಗೆ ಇದಕ್ಕಿಂತ ಒರಟಾಗಿ ಬರೀತಿದ್ವಿ. ಅಂಕ ಕಳೆಯೋ ಮಾತೇ ಇಲ್ಲ. ಅಡಿಯದ್ದೂ ಇದೂ ಎರಡೂ ಪೂರ್ತಿ. ಒಟ್ಟು ಒಂಬೈನೂರ ಐವತ್ಮೂರು. ಆದ್ರೆ ಇದನ್ನ ಮಾಡಿದ್ದು ನೀನಲ್ಲ."

"ಹೆಂಗೆ ಗೊತ್ತಾಯ್ತು ಸಾರ್?"

"ಮಿಕ್ಕಿದ್ದೆಲ್ಲ ನೀನೇ ಮಾಡಿರೋದಲ್ವಾ, ಅದಕ್ಕೆ."

ಕರ್ಟಿಸ್ ಹೆಂಡತಿಯನ್ನು ತೋರಿಸಿದ. ಸ್ಟೀಬರ್ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಯಾವ ಫ್ಯಾಕ್ಟರೀಲಿ ಇದ್ರಿ ತಾಯಿ?"

"ಹಲ್ಲಿನ ಡಾಕ್ಟ್ರ ಹತ್ರ."

"ಮನೇಲಿ ನಂದೊಂದು ಅರವತ್ತೊಂಬತ್ತರ ಗಾಡಿ ಇದೆ. ಅದಕ್ಕೊಂದು ಸಲ ನಿಮ್ಮ ಕೈ ತಾಗಿಸ್ತೀರಾ?"

ಡೇನೆಟ್ ಬಾಯಿ ತೆರೆಯುವ ಮೊದಲೇ ಕರ್ಟಿಸ್ ಎದೆಯುಬ್ಬಿಸಿ, "ಅದಕ್ಕೇನ್ ಸಾರ್, ತಂದುಬಿಡಿ. ಒಂದು ವಾರ ನಮ್ಮ ಗ್ಯಾರೇಜಲ್ಲೇ ನಿಲ್ಸೋಣ," ಎಂದುಬಿಟ್ಟ. ಪದಕ ಗೆದ್ದ ಗಂಡಸಿಗೆ ಇಷ್ಟು ಔದಾರ್ಯವೂ ಇರಬೇಡವೇ? ಒಂದು ವಾರದ ಮಟ್ಟಿಗೆ ಕ್ಯಾಟಮೌಂಟು ಅಣ್ಣನ ಕೊಟ್ಟಿಗೆಗೆ ಹೋಯಿತು.

ಸ್ಟೀಬರ್ ಡೇನೆಟ್ ಕೈ ತಾಗಿದ ತಮ್ಮ ಗಾಡಿಯನ್ನು ಹಳೆ ಕಾರುಗಳ ಸಂಘದ ಸಭೆಯಲ್ಲಿ ತೋರಿಸಿದರು. ಆಮೇಲೆ ಒಹಾಯೊದಿಂದ ಹಸಿರು ಕಾರೊಂದು ಬಂತು, ಇಂಡಿಯಾನಾದಿಂದ ನೇರಳೆ ಬಣ್ಣದ್ದು. ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ಬೆಳಿಗ್ಗೆ ಗ್ಯಾರೇಜಿನಲ್ಲಿದ್ದದ್ದು ಒಬ್ಬ ನಿವೃತ್ತ ಪಾದ್ರಿಯ ಬಿಳಿ ಕಾರು. ಕೊಟ್ಟಿಗೆಯಿಂದ ಅಣ್ಣ ಫೋನು ಮಾಡಿ, ನಿನ್ನ ಹಿಂದಿನ ಸೀಟಿನಲ್ಲಿ ಏಳು ಮೊಟ್ಟೆ ಸಿಕ್ಕವು, ಯಾರಿಗೆ ಸೇರಬೇಕು ಎಂದು ಕೇಳಿದ. ಕರ್ಟಿಸ್ ಬೀದಿಯಲ್ಲಿ ನಿಂತು ನೀಲಿ ಕಾರಿನ ಗಾಜು ಕೆರೆದ. ಹೆಂಡತಿಗೆ ಬಿಡುವಿಲ್ಲವೆಂದ ಮೇಲೆ ಅದು ಅವನ ಪಾಲಿಗೇ ಬಂದಿತ್ತು. ಕೆರೆದು ಮುಗಿಸಿ, ಮರಗಟ್ಟಿದ ಬೆರಳುಗಳಲ್ಲಿ ಕಾಫಿ ಮಗ್ಗು ಹಿಡಿದು ಗ್ಯಾರೇಜಿನೊಳಗೆ ಬಂದ.

ಪಾದ್ರಿಯ ಕಾರಿನಡಿಯಿಂದ ಎರಡು ಪಾದಗಳು ಹೊರಗೆ ಚಾಚಿದ್ದವು.

"ಕಾಫಿ ತಂದಿದೀನಿ. ನಾನೇನಾದ್ರೂ ಟಾರ್ಚು ಹಿಡೀಲಾ ಡೇನಿ?"

"ಅಲ್ಲಿಟ್ಟು ಹೋಗು," ಎಂದಿತು ಕಾರಿನಡಿಯ ದನಿ. "ನೀನು ಹತ್ರ ನಿಂತ್ರೆ ನನ್ನ ಕೆಲಸ ನೀಟಾಗಿಬಿಡುತ್ತೆ."