ಗೈರುಹಾಜರಾದ ಅಳಿಯನ ಪರಾಕ್ರಮ

ಮನೆಯಲ್ಲಿದ್ದೂ ಲೆಕ್ಕಕ್ಕಿಲ್ಲದಿರುವುದು ಗಂಡಂದಿರಿಗೆ ಅನಾದಿಕಾಲದಿಂದ ಬಂದ ಪಾಡು. ಇಲ್ಲದಿದ್ದಾಗ ಮಾತ್ರ ಲೆಕ್ಕಕ್ಕೆ ಬರುವುದು ಕನ್ನಡಕದಂಗಡಿಯ ಯಜಮಾನನಿಗೆ ಒದಗಿದ ಹೊಸ ಅವಮಾನ. ಕಾರಣ, ಬೌಲಿಂಗ್. (ಕ್ರಿಕೆಟ್ಟಿನದಲ್ಲ, ನುಣುಪಾದ ಮರದ ಓಣಿಯಲ್ಲಿ ಭಾರದ ಚೆಂಡನ್ನುರುಳಿಸಿ, ತುದಿಯಲ್ಲಿ ನಿಂತ ಹತ್ತು ಪಿನ್ನುಗಳನ್ನು ಕೆಡಹುವ ಆಟ.)

ಕುಟುಂಬಗಳೇ ತಂಡ ಕಟ್ಟಿ ಆಡುವ ಲೀಗೊಂದರಲ್ಲಿ ಅವನ ಹೆಂಡತಿಯೇ ಕ್ಯಾಪ್ಟನ್. ಅತ್ತೆ, ಭಾವಮೈದುನ ಮತ್ತು ಅವನು ಜೊತೆಯಾಟಗಾರರು. ಅಲ್ಲಿ ಹ್ಯಾಂಡಿಕ್ಯಾಪ್ ಎಂಬ ದಯಾಪರ ಪದ್ಧತಿಯೊಂದಿತ್ತು. ಒಬ್ಬರ ಸರಾಸರಿ ಅಂಕ ಇನ್ನೂರಕ್ಕಿಂತ ಎಷ್ಟು ಕಡಿಮೆಯೋ, ಆ ಕೊರತೆಯ ಬಹುಪಾಲನ್ನು ಪ್ರತಿ ಆಟದಲ್ಲೂ ಅವರಿಗೆ ಧರ್ಮಕ್ಕೆ ಸೇರಿಸುತ್ತಿದ್ದರು. ಹೀಗಾಗಿ ಮಂಡಿನೋವಿನ ಅತ್ತೆ, ಚೆಂಡನ್ನು ಕೂಸಿನಂತೆ ಎರಡೂ ಕೈಯಲ್ಲಿ ನೆಲಕ್ಕಿಳಿಸಿ ಬಿಟ್ಟರೂ, ಹುರಿಯಾಳುಗಳಿಗೆ ಸರಿಜೋಡಿ. ಬಾರದವರ ಹೆಸರಿಗೂ ಅಂಕವುಂಟು: ಅವರ ಸರಾಸರಿಯಲ್ಲಿ ಹತ್ತು ಕಳೆದು, ಹ್ಯಾಂಡಿಕ್ಯಾಪ್ ಕೂಡಿಸುವುದು.

ಮೊದಮೊದಲು ನೆಟ್ಟಗೇ ಆಡಿದ ಯಜಮಾನ, ಹೆಂಡತಿ ಹಿಂದೆ ನಿಂತು "ರೀ, ಮೊಣಕೈ!" ಎನ್ನತೊಡಗಿದ ಮೇಲೆ ಚೆಂಡನ್ನೆಲ್ಲ ಓಣಿಯಂಚಿನ ಕಾಲುವೆಗೇ ಅರ್ಪಿಸಿದ. ಸರಾಸರಿ ಪಾತಾಳಕ್ಕಿಳಿಯುವ ಮೊದಲೇ, ಪುಣ್ಯಕ್ಕೆ, ಜ್ವರ ಬಂದಿತು. ಅವನು ಮಲಗಿದ, ತಂಡ ಗೆದ್ದಿತು.

"ನಿಮಗಿಂತ ನಿಮ್ಮ ಗೈರುಹಾಜರಿ ಚೆನ್ನಾಗಿ ಆಡ್ತು ಕಣ್ರೀ. ಫೈನಲ್ಲಿಗೂ ಬರಬೇಡಿ," ಎಂದಳು ಹೆಂಡತಿ.

"ಈಗ ಹುಷಾರಾಗಿದೀನಲ್ಲೇ!"

"ಅದೇ ಭಯ. ಬಂದ್ರೆ ಆಡಲೇಬೇಕು, ನಿಯಮ."

"ಅಳಿಯಂದ್ರು ಬಾರದೆ ಉಪಕಾರ ಮಾಡ್ಲಿ," ಎಂದರು ಅತ್ತೆ. ಮದುವೆಯಾದಂದಿನಿಂದ ಅವರ ಬಾಯಿಂದ ಒಂದೇ ಒಂದು 'ಭೇಷ್' ಕೇಳಬೇಕೆಂದು ಅವನು ಕಾದಿದ್ದ.

ಫೈನಲ್ಲಿನ ಸಂಜೆ ಖಾಲಿ ಮನೆಯಲ್ಲಿ ಕೂರಲಾರದೆ ಹೋಗಿಯೇಬಿಟ್ಟ. ತಗ್ಗು ಚಾವಣಿಯ ಹಜಾರದಲ್ಲಿ ನೀಲಿ ಬೆಳಕು. ಗೋಡೆಯ ಹಿಂದೆ ಯಂತ್ರವೊಂದು ನರಳುತ್ತ, ಬಿದ್ದ ಪಿನ್ನುಗಳನ್ನು ಗುಡಿಸಿ, ಸತ್ತವರನ್ನು ಎಬ್ಬಿಸಿದಂತೆ ಮತ್ತೆ ನಿಲ್ಲಿಸುತ್ತಿತ್ತು. ಅವನ ಕುಟುಂಬದ ನಾಲ್ಕು ಕುರ್ಚಿಗಳಲ್ಲಿ ಒಂದು ಖಾಲಿ. ಹೆಂಡತಿ ತಿರುಗಿದಳು. ಅವಳ ನೋಟ, ಅವನೇ ಮಾರುವ ಗಾಜಿನೊಳಗಿಂದೆಂಬಂತೆ, ಅವನೊಳಗಿಂದ ಹಾದು ಹಿಂದಿನ ಗೋಡೆಗೆ ತಾಗಿತು.

"ಲೇ, ನಾನೇ ಕಣೇ!"

"ಅಕ್ಕಾ, ಎಲ್ಲಿಂದಲೋ ತಣ್ಣಗೆ ಗಾಳಿ ಬರ್ತಿದೆ," ಎಂದು ಭಾವಮೈದುನ ಕಾಲರ್ ಮೇಲೆಳೆದುಕೊಂಡ.

ಯಜಮಾನ ತನ್ನ ಕೈಯನ್ನು ತಾನೇ ಚಿವುಟಿಕೊಂಡ. ನೋವಾಯಿತು, ಆದರೆ ಸಾಕಷ್ಟು ಆಗಲಿಲ್ಲವೆನ್ನಿಸಿತು. ತಾನಿರುವುದನ್ನು ಸಾಬೀತುಪಡಿಸಲು ಪಕ್ಕದ ಖಾಲಿ ಓಣಿಗೆ ಹೋಗಿ, ಕಾಲುಚೀಲದಲ್ಲೇ ಓಡಿ, ಚೆಂಡು ಬಿಟ್ಟ. ಧಡಲ್! ಹತ್ತಕ್ಕೆ ಹತ್ತೂ ನೆಲಕಚ್ಚಿದವು. ಜನ್ಮದಲ್ಲೇ ಮೊದಲ ಸಲ!

ಪಂದ್ಯದ ಮೇಲ್ವಿಚಾರಕ ಓಡಿಬಂದ. "ಯಾರು ಆಡಿದ್ದು?"

"ಯಾರೂ ಇಲ್ವಲ್ಲಾ, ತಾವೇ ಬಿದ್ವು," ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ಮೇಲ್ವಿಚಾರಕ ಯಜಮಾನನ ಕಡೆ ತಿರುಗಿದ. "ನೀವು ಇವರ ತಂಡದವರಾ?"

ಆಗ ಮಾತ್ರ ಹೆಂಡತಿಯ ಕಣ್ಣು ಅವನ ಮೇಲೆ ನಿಂತಿತು. ಹೌದೆಂದರೆ ಆ ಹತ್ತು ಪಿನ್ನು ಕೆಡವಿದ ಕೀರ್ತಿ ಅವನದು, ಆದರೆ ಹಾಜರಾದ ತಪ್ಪಿಗೆ ಇಡೀ ಪಂದ್ಯ ಆಡಬೇಕು. ಆಡಿದರೆ ಸೋಲು ಖಚಿತ.

"ನಾನು... ಯಾರೂ ಅಲ್ಲ ಸ್ವಾಮಿ."

"ಹಾಗಾದ್ರೆ ಹೊರಗೆ ನಡೀರಿ."

ಗಾಜಿನ ಬಾಗಿಲು ಅವನ ಹಿಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಗಾಜಿಗೆ ಮೂಗೊತ್ತಿ ನೋಡಿದ. ಕೊನೆಯ ಚೆಂಡು ಉರುಳಿತು. ಪರದೆಯಲ್ಲಿ ಅವನ ಹೆಸರಿನ ಮುಂದೆ, ಅವನು ಆಡದ ಆಟದ ಅಂಕ ಬೆಳಗಿತು. ಅದರಿಂದಲೇ ತಂಡ ಗೆದ್ದಿತು. ಹೆಂಡತಿ, ಭಾವಮೈದುನ ಕುಣಿದಾಡಿದರು. ಅತ್ತೆ ಮಾತ್ರ ಮೆಲ್ಲನೆ ಎದ್ದು ಖಾಲಿ ಕುರ್ಚಿಯ ಬಳಿ ಹೋದರು. ಅದರ ಬೆನ್ನನ್ನು ವಾತ್ಸಲ್ಯದಿಂದ ಎರಡು ಸಲ ತಟ್ಟಿದರು.

"ಭೇಷ್, ಅಳಿಯಂದ್ರೇ!"

ಹೊರಗೆ, ಒಬ್ಬನೇ ನಿಂತಿದ್ದ ಯಜಮಾನನ ಬೆನ್ನಿನ ಮೇಲೆ ಬೆಚ್ಚಗಿನ ಅಂಗೈಯೊಂದು ಎರಡು ಸಲ ಬಿದ್ದಿತು.