ಗಂಡ ಬದುಕಿದ್ದರೆ ಮಾತ್ರ ಮನೆ

"ಈ ದಂಡಯಾತ್ರೆಗೆ ನಾನೇ ಸೇನಾಪತಿ!" ಎಂದು ಕೊರೀನ್ ಹಕಬಿ ಸೌಟನ್ನು ಕತ್ತಿಯಂತೆ ಎತ್ತಿ ಹಿಡಿದು ಘೋಷಿಸಿದಳು.

ಎದುರಿಗೆ ಕೂತು ಮೊಟ್ಟೆ ತಿನ್ನುತ್ತಿದ್ದ ಗಂಡ ವೆಂಡೆಲ್ ತಲೆ ಎತ್ತಲಿಲ್ಲ. ಅಮೆರಿಕದ ಸೈನ್ಯದಲ್ಲಿ ಸಾರ್ಜೆಂಟನಾಗಿ ಮೈದಾನದಲ್ಲಿ ಇಡೀ ತುಕಡಿಯನ್ನು ನಡುಗಿಸುವ ಆಸಾಮಿ, ಮನೆಯಲ್ಲಿ ಸೌಟಿಗೆ ಮಾತ್ರ ಎದುರು ಮಾತಾಡುತ್ತಿರಲಿಲ್ಲ. ವರ್ಗಾವಣೆಯ ಆದೇಶ ಆಗಷ್ಟೇ ಬಂದಿತ್ತು. ಪೆಸಿಫಿಕ್ ಕಡಲ ತಡಿಯ ಟಕೋಮಾದಿಂದ ಗಂಟುಮೂಟೆ ಕಟ್ಟಿ, ಅರ್ಧ ದೇಶ ದಾಟಿ, ಟೆನೆಸಿಯ ಕ್ಲಾರ್ಕ್ಸ್‌ವಿಲ್ ಸೇರಬೇಕು. ಅಲ್ಲಿ ದಂಡಿನ ಕ್ವಾರ್ಟರ್ಸ್ ಬೇಡವೇ ಬೇಡ, ಸ್ವಂತ ಮನೆ ಕೊಳ್ಳೋಣ ಎಂದು ಕೊರೀನ್ ಹಟ ಹಿಡಿದಿದ್ದಳು.

"ಅಲ್ಲ ಕಣೇ, ನಾನೂ ಒಂದು ಕೈ ಹಾಕ್ಲಾ?" ಎಂದ ವೆಂಡೆಲ್ ಮೆಲ್ಲಗೆ.

"ನೀನು ಹಾಕೋದು ಬೇಡ, ಇರೋ ಕೈ ಕಟ್ಕೊಂಡು ಕೂತಿರು ಸಾಕು! ಹೋದ ಸಲ ಲಾರಿ ಗೊತ್ತು ಮಾಡಿದವನು ನೀನೇ ತಾನೇ? ನಮ್ಮ ಸೋಫಾ ಅಲಾಸ್ಕಕ್ಕೆ ಹೋಗಿ, ನಮಗಿಂತ ಚೆನ್ನಾಗಿ ದೇಶ ನೋಡ್ಕೊಂಡು ಬಂತು!"

ವೆಂಡೆಲ್ ಮತ್ತೆ ಮೊಟ್ಟೆಗೆ ಶರಣಾದ.

ಅವಳ ಹಟಕ್ಕೂ ಕಾರಣವಿತ್ತು. ಮದುವೆಯಾದಾಗಿನಿಂದ ಸೈನ್ಯದ ಮನೆಗಳಲ್ಲೇ ಸಂಸಾರ. ಎಲ್ಲಿ ಹೋದರೂ ಹಳಸಿದ ಹಾಲಿನ ಬಣ್ಣದ ಅದೇ ಗೋಡೆ. ಮೊಳೆ ಹೊಡೆಯುವಂತಿಲ್ಲ, ಬಣ್ಣ ಬಳಿಯುವಂತಿಲ್ಲ. ಪಕ್ಕದ ಮನೆಯವಳ ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಅವರಿಗೋ ಇವರಿಗೋ ವರ್ಗ. "ಒಬ್ಬಳೇ ಒಬ್ಬಳು ಪಕ್ಕದ ಮನೆಯವಳು, ಹತ್ತು ವರ್ಷ ಜೊತೆಗಿರಬೇಕು. ಅವಳು ನನ್ನ ಹತ್ರ ಸಕ್ಕರೆ ಇಸ್ಕೊಬೇಕು, ನಾನು ಅವಳ ಜೊತೆ ಬೇಲಿ ವಿಷಯಕ್ಕೆ ಜಗಳ ಆಡಬೇಕು. ನನಗೆ ಬೇರೇನೂ ಬೇಡ," ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳ ದನಿಯಲ್ಲಿ ತಮಾಷೆ ಇರುತ್ತಿರಲಿಲ್ಲ.

ಕ್ಲಾರ್ಕ್ಸ್‌ವಿಲ್‌ಗೆ ಬಂದು ಹೋಟೆಲಿನಲ್ಲಿ ಇಳಿದ ಮಾರನೆಯ ದಿನದಿಂದಲೇ ಮನೆಗಳ ಮೇಲೆ ದಾಳಿ ಶುರುವಾಯಿತು. ಜೊತೆಗೆ ಅರ್ಲೀನ್ ಎಂಬ ಮನೆ ದಲ್ಲಾಳಿ. ಅರವತ್ತರ ಹೆಂಗಸು, ಬೆಣ್ಣೆಯಂಥ ಮನಸ್ಸು, ಮುಚ್ಚದ ಬಾಯಿ. ಕಂಡವರೆಲ್ಲ ಅವಳಿಗೆ "ಚಿನ್ನಾ". ಅವಳೇ ತನ್ನ ಬೀದಿಯಲ್ಲಿ ಒಂದು ಇಟ್ಟಿಗೆಯ ಮನೆ ತೋರಿಸಿದಳು. ಮುಂದೆ ಜಗುಲಿ, ಹಿಂದೆ ಹಿಕರಿ ಮರ, ಪಕ್ಕದಲ್ಲಿ ಬೇಲಿ. ಬೇಲಿ ನೋಡುತ್ತಿದ್ದಂತೆಯೇ ಕೊರೀನ್ "ಇದೇ!" ಎಂದಳು.

ಸೈನಿಕರಿಗೆಂದೇ ಇರುವ ಯೋಧರ ಸಾಲದಲ್ಲಿ ಮನೆ ಕೊಂಡರೆ ಕೈಯಿಂದ ಮುಂಗಡ ಹಾಕಬೇಕಾಗಿಲ್ಲ. ಆದರೆ ಹಣದ ಬದಲು ಅದು ಪ್ರಾಣ ಹಿಂಡುತ್ತದೆ! ಮನೆ ಪರೀಕ್ಷೆಗೆ ಬಂದವನು ಗೆದ್ದಲು ಹುಡುಕಿದ. ಹಿತ್ತಿಲ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲವೆಂದ. ಶೆಡ್ಡಿನ ಬಾಗಿಲಲ್ಲಿ ಬಣ್ಣ ಎದ್ದಿದೆ, ಬಳಿಯದಿದ್ದರೆ ಸಾಲವಿಲ್ಲವೆಂದ. ಮನೆ ಮಾರುವ ಮುದುಕ ನಾನು ಬಳಿಯುವುದಿಲ್ಲವೆಂದ. ಕೊನೆಗೆ ಕೊರೀನ್ ತಾನೇ ಬ್ರಷ್ ಹಿಡಿದು, ಇನ್ನೂ ತನ್ನದಾಗದ ಮನೆಯ ಶೆಡ್ಡಿಗೆ ಬಣ್ಣ ಬಳಿದು, ಮೊಣಕೈವರೆಗೆ ಹಸಿರಾಗಿ ಬಂದಳು.

ಅಷ್ಟೊತ್ತಿಗೆ ಹೊಸ ತುಕಡಿಗೆ ಸೇರಿದ ವೆಂಡೆಲ್‌ನನ್ನು ಕಾಡಿನಲ್ಲಿ ಅಣಕು ಯುದ್ಧದ ತರಬೇತಿಗೆ ಹಾಕಿದರು. ರುಜು ಹಾಕುವ ದಿನ ಅವನು ಊರಲ್ಲೇ ಇರುವುದಿಲ್ಲ! ಸರಿ, ಅವನ ಪರವಾಗಿ ಕೊರೀನಳೇ ರುಜು ಹಾಕಲು ಮುಖತ್ಯಾರ ಪತ್ರ ಮಾಡಿಸಿದ್ದಾಯಿತು. ನೋಂದಣಿ ಕಚೇರಿಯ ಪ್ರೂಯಿಟ್ ಎಂಬ ಸಣಕಲ ಮನುಷ್ಯ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಗಂಟಲು ಸರಿಪಡಿಸಿಕೊಂಡ.

"ಎಲ್ಲಾ ಸರಿ ಇದೆ ಮೇಡಂ. ಆದ್ರೆ ರುಜು ಹಾಕೋ ದಿವಸ, ನಿಮ್ಮ ಯಜಮಾನರು ಜೀವಂತವಾಗಿ, ಕ್ಷೇಮವಾಗಿ ಇದ್ದಾರೆ ಅಂತ ನಾವು ಅವರ ತುಕಡಿಯಿಂದಲೇ ಕೇಳಿ ತಿಳ್ಕೋಬೇಕು. ಯೋಧರ ಸಾಲದ ನಿಯಮ."

ಕೊರೀನ್ ಹೋಟೆಲಿಗೆ ಬಂದು ಗಂಡನ ಎದೆಗೆ ಬೆರಳು ಕುಕ್ಕಿದಳು. "ಕೇಳಿಸ್ಕೋ. ಗೆದ್ದಲು ನಾನು ನೋಡ್ಕೊಂಡೆ, ಬಣ್ಣ ನಾನು ಬಳಿದೆ, ಆ ಮುದುಕನ ಬಾಯಿಗೆ ನಾನು ಬಿದ್ದೆ. ನಿನಗಿರೋದು ಒಂದೇ ಕೆಲಸ. ಶುಕ್ರವಾರ ಬದುಕಿರೋದು!"

"ಅದು ನನಗೆ ಅಭ್ಯಾಸ ಇದೆ ಬಿಡೇ," ಎಂದು ವೆಂಡೆಲ್ ಮೀಸೆ ಇಲ್ಲದ ಜಾಗದಲ್ಲಿ ಮೀಸೆ ತಿರುವಿ ಕಾಡಿಗೆ ಹೊರಟ.

ಶುಕ್ರವಾರ ಬಂತು. ಕಚೇರಿಯ ಮುಂದೆ ಕಾರು ನಿಲ್ಲಿಸುವಷ್ಟರಲ್ಲಿ ಮಾರುವ ಮುದುಕನ ಹೊಸ ತಕರಾರು: ಫ್ರಿಜ್ ಬಿಟ್ಟುಹೋಗಲೋ, ಒಯ್ಯಲೋ, ಈಗಲೇ ಹೇಳಿ! ಜೊತೆಗೊಂದು ಬೆದರಿಕೆ. ಪೂರ್ತಿ ನಗದು ಹಿಡಿದ ಇನ್ನೊಬ್ಬ ಗಿರಾಕಿ ಬಾಗಿಲಲ್ಲಿ ಕಾಯುತ್ತಿದ್ದಾನೆ, ಇವತ್ತು ರುಜು ಬೀಳದಿದ್ದರೆ ಮನೆ ಅವನಿಗೆ. ಕೊರೀನ್ ಕಾರಿನಿಂದಲೇ ವೆಂಡೆಲ್‌ಗೆ ಫೋನ್ ಮಾಡಿದಳು. ಗಂಟೆ ಹೊಡೆದುಕೊಂಡಿತು, ಹೊಡೆದುಕೊಂಡಿತು, ತಟ್ಟನೆ ನಿಂತುಹೋಯಿತು. "ಬೇಕಾದಾಗ ಎತ್ತಿದ್ರೆ ಇವನ ಗಂಟೇನು ಹೋಗುತ್ತೋ!" ಎಂದು ಬೈದುಕೊಂಡು ಒಳಗೆ ಹೋದಳು.

ಮೇಜಿನ ಮೇಲೆ ದಿಂಬಿನಷ್ಟು ಎತ್ತರದ ಕಾಗದದ ರಾಶಿ. ಒಂದು ಕಡೆ ಕೊರೀನ್, ಪಕ್ಕದಲ್ಲಿ ಅರ್ಲೀನ್. ಪ್ರೂಯಿಟ್ ಶಾಸ್ತ್ರೋಕ್ತವಾಗಿ ಕನ್ನಡಕ ಏರಿಸಿ, ತುಕಡಿಯ ಕಚೇರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಸಾರ್ಜೆಂಟ್ ಹಕಬಿಯವರಾ? ಒಂದ್ನಿಮಿಷ ಸಾರ್, ಬೋರ್ಡ್ ನೋಡ್ತೀನಿ," ಎಂದಿತು ಆ ಕಡೆಯ ದನಿ. "ಹಾಂ, ಇಲ್ಲಿದೆ. ಅವರು ತೀರ್ಕೊಂಡ್ರು ಸಾರ್. ಇವತ್ತು ಬೆಳಿಗ್ಗೆ."

ಕೊರೀನಳ ಕೈಯಿಂದ ಪೆನ್ನು ಜಾರಿತು. ಸೈನಿಕನ ಹೆಂಡತಿ ಮದುವೆಯ ದಿನದಿಂದಲೂ ಎದೆಯ ಮೂಲೆಯಲ್ಲಿ ಬೀಗ ಹಾಕಿಟ್ಟ ಮಾತು ಅದು. ಆ ಸುದ್ದಿ ಹೇಳಲು ಇಬ್ಬರು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು ಬಾಗಿಲು ತಟ್ಟುತ್ತಾರೆ ಎಂದು ಎಲ್ಲರಿಗೂ ಗೊತ್ತು. ತನಗಿನ್ನೂ ಬಾಗಿಲೇ ಇಲ್ಲವಲ್ಲ, ಅದಕ್ಕೇ ಹೀಗೆ ಫೋನಿನಲ್ಲಿ ಹೇಳಿಬಿಟ್ಟರೇ ಎಂದು ಅವಳಿಗೆ ಅನ್ನಿಸಿತು. "ಅಯ್ಯೋ ನನ್ನ ಚಿನ್ನಾ!" ಎಂದು ಚೀರಿದ ಅರ್ಲೀನ್ ಕರವಸ್ತ್ರ ಬಾಯಿಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದುಕೊಂಡು ಹೊರಗೆ ಓಡಿದಳು.

"ಅವರ ಜೊತೆ ಇನ್ನೂ ಎಂಟು ಜನ ಹೋದ್ರು," ದನಿ ನಿರಾತಂಕವಾಗಿ ಮುಂದುವರಿಯಿತು. "ಏನೂ ಯೋಚನೆ ಇಲ್ಲ ಸಾರ್, ನಾಳೆ ಬೆಳಿಗ್ಗೆ ಎಲ್ಲರೂ ವಾಪಸ್ ಬರ್ತಾರೆ."

"ಎಲ್ಲಿಂದ?" ಕೊರೀನ್ ಫೋನಿನ ಮೇಲೆ ಬಾಗಿ ಕೇಳಿದಳು.

"ಸಾವಿನಿಂದ ಮೇಡಂ. ಅಣಕು ಯುದ್ಧ ಅಲ್ವಾ? ಸತ್ತವರು ಒಂದು ದಿನ ಡೇರೆಯಲ್ಲಿ ಮಲಗಿರಬೇಕು."

ಹೋದ ಜೀವ ಬಂತು. ಬಂದದ್ದು ಸುಮ್ಮನೆ ಬರಲಿಲ್ಲ, ಕೋಪವನ್ನೂ ಕೈಹಿಡಿದು ಕರೆತಂದಿತು. "ಇವತ್ತೇ ಸಾಯ್ಬೇಕಾಗಿತ್ತಾ ಇವನು! ನಿನ್ನೆ ಸಾಯಬಹುದಿತ್ತು! ನಾಳೆ ಸಾಯಬಹುದಿತ್ತು!" ಎಂದು ಮೇಜು ಗುದ್ದಿ, ಪೆನ್ನು ಎತ್ತಿಕೊಂಡಳು. "ಎಲ್ಲಿ ರುಜು ಹಾಕ್ಲಿ ಹೇಳಿ."

ಪ್ರೂಯಿಟ್ ಕಾಗದಗಳನ್ನು ತನ್ನ ಕಡೆಗೆ ಎಳೆದುಕೊಂಡ. "ಹೇಗಾಗುತ್ತೆ ಮೇಡಂ? ಸೈನ್ಯವೇ ಸತ್ತಿದ್ದಾರೆ ಅಂದ್ಮೇಲೆ, ಬದುಕಿದ್ದಾರೆ ಅಂತ ನಾನು ಹೇಗೆ ಬರೀಲಿ?"

"ಅದು ಸುಳ್ಳು ಸಾವು ಕಣಪ್ಪಾ!"

"ಸುಳ್ಳೋ ನಿಜವೋ, ಅವರ ಬೋರ್ಡಿನಲ್ಲಿದೆ. ಅದಕ್ಕಿಂತ ದೊಡ್ಡವರು ಯಾರಾದ್ರೂ ಬದುಕಿದ್ದಾರೆ ಅನ್ನಬೇಕು."

ಅದಕ್ಕಿಂತ ದೊಡ್ಡವನನ್ನು ಹುಡುಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಾರುವ ಮುದುಕ ಹೊರಗೆ ಕೂತು ಗಡಿಯಾರ ನೋಡಿ ನೋಡಿ ಕೆಮ್ಮುತ್ತಿದ್ದ. ಅಂತೂ ಕಾಡಿನಲ್ಲಿದ್ದ ಕ್ಯಾಪ್ಟನ್ ಸಾಲ್ಸೀಡೊ ವಿಡಿಯೋ ಕರೆಗೆ ಸಿಕ್ಕಿದ. ಮುಖಕ್ಕೆಲ್ಲ ಹಸಿರು ಬಳಿದುಕೊಂಡು, ಕೊರೀನ್ ಬಣ್ಣ ಬಳಿದ ಶೆಡ್ಡಿನಂತೆಯೇ ಕಾಣುತ್ತಿದ್ದ.

"ಕ್ಷಮಿಸಿ ಮೇಡಂ, ಸತ್ತವರು ಮಾತಾಡೋ ಹಾಗಿಲ್ಲ. ಮಾತಾಡಿದ್ರೆ ಅಲ್ಲೇ ಕವಾಯತು ಹೊಡೆಸ್ತೀನಿ ಅಂತ ನಿಮ್ಮ ಯಜಮಾನರೇ ಮೊನ್ನೆ ಹುಡುಗರ ಮುಂದೆ ಕೂಗಿ ಕೂಗಿ ಹೇಳಿದ್ದಾರೆ."

"ಮಾತು ಯಾರಿಗೆ ಬೇಕು! ಮುಖ ತೋರಿಸಿ!"

ಕ್ಯಾಪ್ಟನ್ ಫೋನು ಹಿಡಿದು ಡೇರೆಯೊಳಗೆ ನಡೆದ. ಸ್ಟ್ರೆಚರಿನ ಮೇಲೆ ವೆಂಡೆಲ್ ಹಕಬಿಯ ಪಾರ್ಥಿವ ಶರೀರ ಅಂಗಾತ ಮಲಗಿತ್ತು. ತಲೆಗೆ ಪಟ್ಟಿ, ಹಣೆಯಿಂದ ಗಲ್ಲದವರೆಗೆ ಕೆಂಪು ಬಣ್ಣ, ಮೂಗಿನ ಮೇಲೆ ಒಂದು ನೊಣ. ಹೆಂಡತಿಯನ್ನು ಕಂಡ ಶರೀರ ಒಂದು ಕಣ್ಣು ಮಿಟುಕಿಸಿತು.

"ನೋಡಿದ್ರಾ!" ಕೊರೀನ್ ಪ್ರೂಯಿಟ್ಟನ ಭುಜ ಹಿಡಿದು ಅಲ್ಲಾಡಿಸಿದಳು.

ಪ್ರೂಯಿಟ್ ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದ. "ಜೀವಂತ ಇದ್ದಾರೆ, ಒಪ್ಪಿದೆ. ಆದ್ರೆ 'ಕ್ಷೇಮ' ಅಂತಲೂ ಬರೀಬೇಕಲ್ಲ? ತಲೆ ಒಡೆದಿದೆಯಲ್ಲ ಪಾಪ."

"ಅದು ಬಣ್ಣಾ!!"

ಕ್ಯಾಪ್ಟನ್ ಒದ್ದೆ ಬಟ್ಟೆಯಲ್ಲಿ ತಿಕ್ಕಿದ. ಕೆಂಪು ಹೋಗುವ ಬದಲು ಕಿವಿಯವರೆಗೂ ಹರಡಿಕೊಂಡಿತು. ಕೊರೀನ್ ಇನ್ನೇನು ಅಳಬೇಕು, ಅಷ್ಟರಲ್ಲಿ ಕ್ಯಾಪ್ಟನ್ ಸೆಟೆದು ನಿಂತ. "ಸರಿ ಬಿಡಿ! ಗೃಹಸಾಲದ ನಿಮಿತ್ತ ನಾನು ಈ ಯೋಧನಿಗೆ ಜೀವದಾನ ಮಾಡಿದ್ದೇನೆ. ಜೀವಂತ ಇದ್ದಾನೆ, ಕ್ಷೇಮವಾಗಿದ್ದಾನೆ, ಇವತ್ತಿನ ಮಟ್ಟಿಗೆ ಯುದ್ಧದಿಂದ ಬಿಡುಗಡೆಯಾಗಿದ್ದಾನೆ. ಬರ್ಕೊಳ್ಳಿ!"

ಪ್ರೂಯಿಟ್ ಬರೆದುಕೊಂಡ. ಮಾತಿನ ಹಕ್ಕು ಮರಳಿ ಬಂದದ್ದೇ ತಡ, ವೆಂಡೆಲ್ ಎದ್ದು ಕೂತ. ಕೊರೀನ್ ಅವನಿಗೆ ಉಸಿರಾಡಲೂ ಬಿಡಲಿಲ್ಲ.

"ಒಂದೇ ಕೆಲಸ ಹೇಳಿದ್ದೆ ವೆಂಡೆಲ್! ಒಂದೇ ಒಂದು! ಒಂದು ಬೆಳಿಗ್ಗೆ ಬದುಕಿರೋಕೆ ಆಗ್ಲಿಲ್ವಾ ನಿನ್ನ ಕೈಲಿ?"

"ಚೆನ್ನಾಗೇ ಬದುಕಿದ್ದೆ ಮಾರಾಯ್ತಿ! ಎಲ್ಲರ ಫೋನೂ ಕಿತ್ತಿಟ್ಟು, ಮನೆ ವಿಷಯಕ್ಕೆ ಬೇಕಾಗುತ್ತೆ ಅಂತ ನಂದೊಂದು ಜೇಬಲ್ಲಿ ಇಟ್ಕೊಂಡಿದ್ದೆ. ಪೊದೆಯೊಳಗೆ ಒಂಬತ್ತು ಜನ ಉಸಿರು ಬಿಗಿಹಿಡಿದು ಕೂತಿದ್ವಿ. ಶತ್ರು ನಮ್ಮ ಬೂಟು ತುಳಿಯೋಷ್ಟು ಹತ್ತಿರ. ಆಗ ನೀನು ಫೋನ್ ಮಾಡಿದೆ."

ಪ್ರೂಯಿಟ್ ಕನ್ನಡಕದ ಮೇಲಿಂದ ಕೊರೀನಳನ್ನು ನೋಡಿದ.

"ಫ್ರಿಜ್ ಬೇಕಾ ಅಂತ ಕೇಳೋಕೆ ಮಾಡಿದ್ದೆ," ಎಂದಳು ಕೊರೀನ್ ಸಣ್ಣ ದನಿಯಲ್ಲಿ.

"ತಗೋ. ಒಂಬತ್ತು ಜನ ಅದಕ್ಕೆ ಪ್ರಾಣ ಕೊಟ್ಟಿದ್ದೀವಿ, ಬಿಡಬೇಡ."

ರುಜು ಬಿದ್ದವು. ಫ್ರಿಜ್ ಸಹಿತ ಕೀಲಿ ಕೈಗೆ ಬಂತು. ಸಾಮಾನಿನ ಲಾರಿ ಎಲ್ಲಿದೆಯೆಂದು ವಿಚಾರಿಸಿದರೆ ಇನ್ನೂ ಹೊರಟ ಊರಿನ ಪಕ್ಕದ ರಾಜ್ಯ ಐಡಹೋದಲ್ಲಿತ್ತು! ಇರಲಿ, ಖಾಲಿ ಮನೆಯಾದರೂ ತನ್ನ ಮನೆ. ಕೊರೀನ್ ಪ್ರತಿ ಗೋಡೆಯನ್ನೂ ಮುಟ್ಟಿ ಮುಟ್ಟಿ ನೋಡಿದಳು. ಬೆಳಿಗ್ಗೆಯಿಂದ ಹೊಟ್ಟೆಗೆ ಒಂದು ತೊಟ್ಟು ಕಾಫಿ ಬಿಟ್ಟರೆ ಏನೂ ಬಿದ್ದಿಲ್ಲವೆಂಬುದು ಆಗ ನೆನಪಾಯಿತು.

ಸರಿಯಾಗಿ ಆಗಲೇ ಬಾಗಿಲ ಗಂಟೆ ಬಾರಿಸಿತು. ಅಪರಿಚಿತ ಹೆಂಗಸೊಬ್ಬಳು ನಿಂತಿದ್ದಾಳೆ, ಕೈಯಲ್ಲಿ ಹಬೆಯಾಡುವ ದೊಡ್ಡ ಬಾಣಲೆ, ಕಣ್ತುಂಬ ನೀರು. ಚೀಸು, ಕೋಳಿ, ಸುಟ್ಟ ಈರುಳ್ಳಿಯ ಘಮ ಮನೆಯೊಳಗೆ ನುಗ್ಗಿತು.

"ನೀವು ಯಾರು ಅಂತ ಗೊತ್ತಾಗ್ಲಿಲ್ಲ..." ಎಂದು ಕೊರೀನ್ ಶುರು ಮಾಡಿದಳು.

"ಶ್! ಮಾತಾಡಬೇಡ ಮಗಳೇ. ಏನೂ ಹೇಳಬೇಡ. ತಿನ್ನು," ಎಂದು ಬಾಣಲೆ ಕೈಗಿಟ್ಟು, ಅಪ್ಪಿ, ಮೂಗು ಸೀದುತ್ತ ಹೊರಟೇಹೋದಳು.

ಅವಳ ಹಿಂದೆ ಇನ್ನೊಬ್ಬಳು ಮ್ಯಾಕರೋನಿ ಹೊತ್ತು ಬಂದಳು. ಮತ್ತೊಬ್ಬಳು ಬೇಯಿಸಿದ ಹಂದಿಮಾಂಸದ ಹ್ಯಾಮ್ ಹೊತ್ತು ಬಂದಳು. ಬಾಯಿ ತೆರೆಯಲು ಯಾರೂ ಬಿಡಲೊಲ್ಲರು! ಅರ್ಲೀನಳ ಫೋನ್ ಬಂದಾಗಲೇ ವಿಷಯ ತಿಳಿದದ್ದು. "ತಪ್ಪಾಯ್ತು ಚಿನ್ನಾ! ಆಗ ಹೊರಗೆ ಓಡಿದವಳೇ ನಿನ್ನ ಗಂಡ ಹೋದ ಅಂತ ನಮ್ಮ ಚರ್ಚಿನ ಪ್ರಾರ್ಥನೆ ಸರಪಳಿಗೆ ಹೇಳಿಬಿಟ್ಟೆ. ಒಬ್ಬರು ಇನ್ನೊಬ್ಬರಿಗೆ ಅಂತ ಊರೆಲ್ಲ ಹೋಗಿಬಿಟ್ಟಿದೆ. ಈಗ ಒಬ್ಬೊಬ್ಬರನ್ನೇ ಹಿಡಿದು ಇಲ್ಲ ಇಲ್ಲ ಅಂತಿದೀನಿ, ಆದ್ರೆ ಎಲ್ಲರೂ ಸಾವಿನ ಮನೆಗೆ ಅಂತ ಅಡುಗೆ ಮಾಡೋದ್ರಲ್ಲಿದಾರೆ, ಫೋನೇ ಎತ್ತಲ್ಲ!"

ಕೂಡಲೇ ಬೀದಿಗಿಳಿದು ಎಲ್ಲರ ಮನೆಗೂ ಹೋಗಿ ನಿಜ ಹೇಳಬೇಕೆಂದು ಕೊರೀನ್ ತೀರ್ಮಾನಿಸಿದಳು. ಒಂದೇ ಒಂದು ತುತ್ತು ತಿಂದು ಹೋಗೋಣವೆಂದುಕೊಂಡಳು. ಆ ತುತ್ತಿನಿಂದ ತಲೆ ಎತ್ತುವಷ್ಟರಲ್ಲಿ ಬಾಣಲೆಯ ಅರ್ಧವೇ ಖಾಲಿಯಾಗಿತ್ತು. ಹೇಳುವುದು ನಾಳೆಗೆ ಮುಂದೆ ಹೋಯಿತು.

ಸಂಜೆ ಕ್ಯಾಪ್ಟನ್ನನ ಜೀಪು ವೆಂಡೆಲ್‌ನನ್ನು ಇಳಿಸಿಹೋಯಿತು. ಸ್ನಾನಕ್ಕೆ ನೀರಿತ್ತು, ಉಡಲು ಬಟ್ಟೆಯಿಲ್ಲ, ಪೆಟ್ಟಿಗೆ ಹೋಟೆಲಿನಲ್ಲಿ, ಉಳಿದದ್ದೆಲ್ಲ ಐಡಹೋದಲ್ಲಿ. ಮುದುಕ ಬಿಟ್ಟುಹೋಗಿದ್ದ ಗುಲಾಬಿ ಹೂವಿನ ಸ್ನಾನದ ಪರದೆಯನ್ನೇ ಸೊಂಟಕ್ಕೆ ಸುತ್ತಿಕೊಂಡು, ತಲೆಯಿಂದ ನೀರು ತೊಟ್ಟಿಕ್ಕಿಸುತ್ತ, ಅವನು ಬಾಣಲೆಗಳ ಮಧ್ಯೆ ಪಟ್ಟಾಗಿ ಕೂತ.

ಮತ್ತೆ ಗಂಟೆ. ಈ ಸಲ ಬೇಲಿಯಾಚೆಯ ಮನೆಯವಳು, ಮಿಸೆಸ್ ಗ್ರಿಗ್ಸ್‌ಬಿ. ಕಪ್ಪು ಉಡುಪು, ಬೆಳ್ಳಿ ಕೂದಲು, ಕೈಯಲ್ಲಿ ಪೀಚ್ ಹಣ್ಣಿನ ಪೈ. "ನಾನೂ ಸೈನಿಕನ ವಿಧವೆ ಕಣಮ್ಮ," ಎಂದಳು ಮೆತ್ತಗೆ. "ನಾನು ಪಕ್ಕದಲ್ಲೇ ಇರ್ತೀನಿ. ಎಷ್ಟು ವರ್ಷ ಬೇಕಾದ್ರೂ." ಆ ಮಾತಿಗೆ ಕೊರೀನ್ ಪೈಗೆ ಚಾಚಿದ ಕೈ ಹಿಂದೆಗೆದಳು. ಸುಳ್ಳು ದುಃಖದ ಪೈ ಇವಳ ಕೈಯಿಂದ ಇಸಿದುಕೊಳ್ಳಬಾರದು, ಇವಳಿಗಾದರೂ ಈಗಲೇ ನಿಜ ಹೇಳಿಬಿಡಬೇಕು ಎಂದು ಬಾಯಿ ತೆರೆದಳು.

ಒಳಗಿನಿಂದ ವೆಂಡೆಲ್ ಚಮಚ ಕಚ್ಚಿಕೊಂಡು, ಗುಲಾಬಿ ಪರದೆಯ ಗಂಟು ಬಿಗಿದುಕೊಳ್ಳುತ್ತ ಬಾಗಿಲಿಗೆ ಬಂದ. "ಕೊರೀನ್, ಆ ಮ್ಯಾಕರೋನಿ ಮುಗೀತು ಕಣೇ, ಇನ್ಯಾರಾದ್ರೂ ತಂದ್ರಾ?"

ಮಿಸೆಸ್ ಗ್ರಿಗ್ಸ್‌ಬಿ ಅವನ ಒದ್ದೆ ತಲೆಯಿಂದ ಬರಿಗಾಲಿನವರೆಗೆ ನಿಧಾನವಾಗಿ ನೋಡಿದಳು.

"ಅಯ್ಯೋ, ತಪ್ಪು ತಿಳ್ಕೋಬೇಡಿ!" ಕೊರೀನ್ ಹೌಹಾರಿದಳು. "ಇವರು ನನ್ನ ಗಂಡ!"

"ಆಗಲೇ?" ಎಂದ ಮಿಸೆಸ್ ಗ್ರಿಗ್ಸ್‌ಬಿ, ಪೈಯನ್ನು ಎದೆಗೆ ಅವಚಿಕೊಂಡು ಬೇಲಿ ದಾಟಿ ಹೊರಟುಹೋದಳು.