ಮೂವತ್ತರಿಂದ ಅರವತ್ತೈದರ ಒಳಗಿನವರಿಗೆ ಮಾತ್ರ

ಸಂತೆಮರಹಳ್ಳಿಯ ಮಹಿಳಾ ಕ್ಯಾನ್ಸರ್ ತಪಾಸಣಾ ಶಿಬಿರದ ಅರ್ಜಿಯಲ್ಲಿ, ಹೆಸರಿನ ಕೆಳಗೆ ನೆಟ್ಟಗೆ ಕೂತಿರುವ ವಯಸ್ಸಿನ ಕಾಲಂ ಅವರ ಸನ್ನಿಧಾನಕ್ಕೆ, ಗುಂಡ್ಲುಪೇಟೆಯ ಶಿವಲಕ್ಷ್ಮಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಎರಡು ಬೆರಳಗಲದ ಜಾಗದಲ್ಲಿ ಒಬ್ಬ ಹೆಂಗಸಿನ ಇಡೀ ಆಯುಷ್ಯವನ್ನು ಹಿಡಿಸುವ ತಮ್ಮ ಸಾಮರ್ಥ್ಯಕ್ಕೆ ಮಾರುಹೋಗಿದ್ದೇನೆ. ಕಳೆದ ಮಂಗಳವಾರ ನಮ್ಮ ಮೂರು ತಲೆಮಾರು ತಮ್ಮ ಮುಂದೆ ನಿಂತಿತ್ತು. ಮಗಳು ನಯನಾಳಿಗೆ ಇಪ್ಪತ್ತಾರು. ಮೂವತ್ತಾದ ಮೇಲೆ ಬಾ, ನಡುವೆ ಏನಾದರೂ ಕಂಡರೆ ಮಾತ್ರ ಕಾಯಬೇಡ ಎಂದರು ನರ್ಸ್ ಮೀನಾ. ಸರಿಯೇ. ಆದರೆ ನನ್ನ ಅವ್ವ ಪುಟ್ಟಮಲ್ಲಮ್ಮನ ಆಧಾರ್ ಕಾರ್ಡು ಅರವತ್ತೊಂಬತ್ತು ಎಂದಿತು.

ಅವ್ವನ ತಲೆ ಮೂವತ್ತಕ್ಕೇ ನರೆತಿತ್ತು. ಹಿಂದೆಂದೋ ಮತದಾರರ ಪಟ್ಟಿ ಬರೆಯಲು ಬಂದವರು ಜಗಲಿಯಲ್ಲಿ ಕೂತು, ಆ ಕೂದಲು ನೋಡಿ ವಯಸ್ಸು ಬರೆದುಕೊಂಡರು. ಅದೇ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಇಳಿದು ಬಂತು. ನನಗೀಗ ನಲವತ್ತಾರು, ನನ್ನನ್ನು ಹೆತ್ತಾಗ ಅವಳಿಗೆ ಹದಿನಾರು. ಅರವತ್ತೆರಡಾಯಿತು.

"ವಯಸ್ಸು ದಾಟೋಗ್ಯದೆ ಕಣವ್ವ," ಎಂದರು ಮೀನಾ.

"ಚಿಕ್ಕೋಳ್ಗೂ ಇಲ್ಲ, ನಂಗೂ ಇಲ್ಲ. ಇನ್ಯಾರ್ನ ನೋಡಕ್ ಬಂದಿದ್ದಿಯಮ್ಮಿ?" ಎಂದಳು ಅವ್ವ.

ಮೂರು ವರ್ಷ ತಪಾಸಣೆಗೆ ಒಪ್ಪದಿದ್ದವಳು ಅವಳು. ಪಕ್ಕದ ಮನೆಯ ಸೋಮಮ್ಮ ಎದೆಯ ಗಂಟನ್ನು ಸೆರಗಿನಡಿ ಮುಚ್ಚಿಟ್ಟುಕೊಂಡೇ ತೀರಿಹೋದ ಮೇಲೆ ಹೊರಟಿದ್ದಳು. ಮತ್ತೊಮ್ಮೆ ಹೊರಡಿಸುವುದು ನನ್ನ ಕೈಲಾಗದ ಮಾತು. ಆದ್ದರಿಂದ ತಾವು ದಯಮಾಡಿ ಗಂಟುಗಳಿಗೂ ಒಂದು ಸುತ್ತೋಲೆ ಹೊರಡಿಸಬೇಕು: ಮೂವತ್ತಕ್ಕೆ ಮುಂಚೆ, ಅರವತ್ತೈದರ ತರುವಾಯ ಯಾರೂ ಏಳತಕ್ಕದ್ದಲ್ಲ; ಏಳುವ ಮುನ್ನ ಆಧಾರ್ ಪರಿಶೀಲಿಸತಕ್ಕದ್ದು.

ಮೀನಾ ಒಳ್ಳೆಯವರು. "ನಿಮ್ಮ ಕಾರ್ಡ್ ಕೊಡಿ ಅಕ್ಕ, ನಿಮ್ಮ ವಯಸ್ಸು ತೋರ್ಸಿ ಅವ್ವನ್ನ ಸೇರಿಸ್ಬೋದಾ ಅಂತ ಡಾಕ್ಟ್ರುನ್ನ ಕೇಳ್ತೀನಿ," ಎಂದರು.

ಚೀಲದಲ್ಲಿ ಅವ್ವನ, ನಯನಾಳ ಕಾರ್ಡುಗಳಿದ್ದವು, ನೀರಿನ ಬಾಟಲಿ ಇತ್ತು, ಅವ್ವನ ಎಲೆಅಡಿಕೆ ಸಂಚಿ ಇತ್ತು. ನನ್ನ ಕಾರ್ಡು ಎರಡು ಬಸ್ಸುಗಳಾಚೆ ಗುಂಡ್ಲುಪೇಟೆಯ ಬೀರುವಿನಲ್ಲಿತ್ತು. ಮರೆತದ್ದಲ್ಲ. ಚೀಲ ಹಿಡಿಯಲು ಒಬ್ಬರು ಬೇಕಲ್ಲ ಎಂದು ಬಿಟ್ಟು ಬಂದಿದ್ದೆ.

ಅವ್ವ ನನ್ನನ್ನೇ ನೋಡಿದಳು. "ಊರ್ಗೆಲ್ಲ ಬುದ್ಧಿ ಏಳ್ಬುಟ್ಟು ನೀನೇ ತಪ್ಪಿಸ್ಕೊಂಡ್ಯಾ? ನೀ ಒಳಕ್ ಓಗಗಂಟ ನಾನೂ ಓಗಕಿಲ್ಲ ಕಣಮ್ಮಿ."

ಹಾಗಾಗಿ ಮಾನ್ಯರೇ, ದೂರನ್ನು ಹಿಂದಕ್ಕೆ ಪಡೆಯುತ್ತಿಲ್ಲ. ಅರ್ಧವನ್ನು ನನ್ನ ಹೆಸರಿಗೆ ಬರೆದುಕೊಳ್ಳುತ್ತಿದ್ದೇನೆ.

ಮೂವತ್ತಕ್ಕೂ ಅರವತ್ತೈದಕ್ಕೂ ನಡುವೆ ಅಡಗಿ ಕೂತಿದ್ದ,
ತಮ್ಮ ವಿಶ್ವಾಸಿ,
ಶಿವಲಕ್ಷ್ಮಿ

ವಿ.ಸೂ.: ಬರುವ ಮಂಗಳವಾರ ತಮ್ಮನ್ನು ಮತ್ತೆ ಕಾಣುತ್ತೇವೆ; ಎದ್ದು ನಿಲ್ಲುವ ಅಗತ್ಯವಿಲ್ಲ. ನನ್ನ ಕಾರ್ಡು ಈಗ ಚೀಲದಲ್ಲಿದೆ. ಚೀಲ ಅವ್ವನ ಕೈಯಲ್ಲಿದೆ.